ವಾಚು ಎಷ್ಟನೇ ತೂತಿಗೆ?

ಮೊನ್ನೆ ಬೆಳಗ್ಗೆ ವಾಕಿಂಗ್‌ನಲ್ಲಿ ನನ್ನ ಸ್ಮಾರ್ಟ್ ವಾಚು ಹೆದರಿಸಿಬಿಟ್ಟಿತು. ಏದುಸಿರಿಲ್ಲ, ಬೆವರಿಲ್ಲ. ಗೆಳೆಯನ ಜೊತೆ ಮಾವಿನಕಾಯಿ ರೇಟಿನ ಬಗ್ಗೆ ಮಾತಾಡುತ್ತಾ ಹೋಗುತ್ತಿದ್ದೆ. ಸುಮ್ನೆ ಕೈ ತಿರುಗಿಸಿ ನೋಡಿದರೆ ಎದೆಬಡಿತ ನಿಮಿಷಕ್ಕೆ 122! ತಕ್ಷಣ ನಿಂತು, ಕತ್ತಿನ ಪಕ್ಕ ಬೆರಳಿಟ್ಟು, ಗೆಳೆಯನ ಮೊಬೈಲಿನಲ್ಲಿ ಸೆಕೆಂಡು ನೋಡುತ್ತಾ ಎಣಿಸಿದೆ. 94 ಬಂತು. ಗೆಳೆಯ ಇಂಜಿನಿಯರು, ಸುಮ್ಮನೆ ಬಿಡುವವನಲ್ಲ. "ಈಗ ನಡಿ, ಹೆಜ್ಜೆ ಎಣಿಸು" ಅಂದ. ಎಣಿಸಿದೆ. ನಿಮಿಷಕ್ಕೆ 120 ಚಿಲ್ಲರೆ. ಅಂದರೆ ಆ ವಾಚು ಎಣಿಸುತ್ತಿದ್ದದ್ದು ನನ್ನ ಎದೆಯನ್ನಲ್ಲ, ಕಾಲನ್ನು.

ಕಾರಣ ಇಷ್ಟೇ: ವಾಚು ಸಡಿಲವಾಗಿತ್ತು. ಇವುಗಳ ಬೆನ್ನಲ್ಲಿ ಹಸಿರು ದೀಪ ಮಿನುಗುತ್ತದಲ್ಲ, ಅದು ಚರ್ಮದೊಳಗೆ ಹೋಗುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಒಂದೊಂದು ಬಡಿತಕ್ಕೂ ಅಲ್ಲಿನ ರಕ್ತ ಹೆಚ್ಚು ಕಮ್ಮಿ ಆದಂತೆ ವಾಪಸ್ ಬರುವ ಬೆಳಕೂ ಹೆಚ್ಚು ಕಮ್ಮಿ ಆಗುತ್ತದೆ. ವಾಚು ಅದನ್ನು ನೋಡಿ ಲೆಕ್ಕ ಹಾಕುತ್ತದೆ. ಪಟ್ಟಿ ಸಡಿಲ ಇದ್ದರೆ ಸಂದಿಯಲ್ಲಿ ಹೊರಗಿನ ಬೆಳಕು ನುಗ್ಗುತ್ತದೆ, ಸಾಲದ್ದಕ್ಕೆ ಹೆಜ್ಜೆ ಇಟ್ಟಾಗಲೆಲ್ಲ ವಾಚೇ ಕುಪ್ಪಳಿಸುತ್ತದೆ. ಆ ಕುಪ್ಪಳಿಕೆಯೂ ಒಂದು ತಾಳವೇ ಅಲ್ವಾ? ಪಾಪ, ಅದನ್ನೇ ಎದೆಬಡಿತ ಅಂದುಕೊಳ್ಳುತ್ತದೆ.

ಮಗಳು ಈ ವಾಚು ಕೊಟ್ಟ ದಿನವೇ ಹೇಳಿದ್ದಳು, "ಅಪ್ಪಾ, ಇದನ್ನ ಬಿಗಿಯಾಗಿ ಕಟ್ಕೋಬೇಕು" ಅಂತ. ನಾನು ಕೇಳಲಿಲ್ಲ. ನಮ್ಮ ಮನೆತನ ಸಡಿಲ ವಾಚಿನದು.

ನಮ್ಮಪ್ಪ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಕೈಯಲ್ಲಿ ಎಚ್‌ಎಂಟಿ ಜನತಾ. ಚರ್ಮದ ಪಟ್ಟಿ ಹಾಳಾದ ಮೇಲೆ ಸ್ಟೀಲ್ ಚೈನು ಹಾಕಿಸಿದ್ದರು. ಬೋರ್ಡಿನ ಮೇಲೆ ಬರೆಯಲು ಬಲಗೈ ಎತ್ತಿದರೆ ಎಡಗೈ ವಾಚು ಜಾರಿ ಅಂಗೈ ಹತ್ತಿರ ನೇತಾಡುತ್ತಿತ್ತು. ಟೈಮ್ ನೋಡಬೇಕಾದರೆ ಕೈ ಮೇಲೆತ್ತಿ ಒಂದು ಸಲ ಝಾಡಿಸುವುದು. ಝಣ್! ವಾಚು ಮೊಣಕೈ ಕಡೆಗೆ ಇಳಿದು ತನ್ನ ಜಾಗದಲ್ಲಿ ಕೂರುತ್ತಿತ್ತು. ಆ ಝಣ್ ಶಬ್ದ ವರಾಂಡದಲ್ಲಿ ಕೇಳಿದರೆ ಸಾಕು, ನಾವೆಲ್ಲ ಸ್ಲೇಟಿಗೆ ಮುಖ ತಗ್ಗಿಸುತ್ತಿದ್ದೆವು. ವಾಚು ಸರಿಯಾಗಿ ಬಿಗಿಯಿದ್ದಿದ್ದರೆ ನಾವು ಇನ್ನೂ ನಾಲ್ಕು ಏಟು ಜಾಸ್ತಿ ತಿನ್ನುತ್ತಿದ್ದೆವು.

ಆಗ ನಮ್ಮ ಕಡೆ ವಾಚು ಅಂದರೆ ಎಚ್‌ಎಂಟಿಯೇ. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು. ಆಮೇಲೆ ತುಮಕೂರಿಗೂ ಕಾರ್ಖಾನೆ ಬಂತು. ನಮ್ಮೂರಿನವರಿಗೆ ಅದೊಂದು ಸಣ್ಣ ಜಂಬ. ಹದಿನೇಳು ಜ್ಯೂಯೆಲ್ಸು (ಒಳಗಿನ ಚಕ್ರಗಳ ಅಚ್ಚು ಸವೆಯದಂತೆ ಕೂರಿಸುವ ಸಣ್ಣ ಹರಳುಗಳು), ದಿನಾ ಬೆಳಗ್ಗೆ ಕೀ ಕೊಡಬೇಕು. ಕೀ ಕೊಡುವ ಮುಂಚೆ ಅಪ್ಪ ವಾಚು ಬಿಚ್ಚುತ್ತಿದ್ದರು. ಕೈಯಲ್ಲಿದ್ದಾಗಲೇ ಕೀ ಕೊಟ್ಟರೆ ಅದರ ಕಡ್ಡಿ ಅಡ್ಡಡ್ಡ ಎಳೆದಂತಾಗಿ ಸವೆಯುತ್ತದೆ ಅಂತ. ಆ ಮಾತು ನಿಜವೇ. ಹೀಗೆ ದಿನಕ್ಕೆ ಮೂರ್ನಾಲ್ಕು ಸಲ, ಸ್ನಾನಕ್ಕೆ, ಪೂಜೆಗೆ, ಕೀ ಕೊಡಲು, ಬಿಚ್ಚಿ ಹಾಕುವವರಿಗೆ ಸಡಿಲವೇ ಅನುಕೂಲ. ಜೊತೆಗೆ ನಮ್ಮ ಸೆಕೆ. ಬಿಗಿ ಪಟ್ಟಿಯ ಕೆಳಗೆ ಬೆವರು ನಿಂತು ಹುಳಿ ವಾಸನೆ ಬರುತ್ತದಲ್ಲ, ಅದು ಗೊತ್ತಿದ್ದವರು ಯಾರೂ ಸಡಿಲ ವಾಚನ್ನು ಆಡಿಕೊಳ್ಳುವುದಿಲ್ಲ.

ಚಿಕ್ಕಪ್ಪ ಪೂರ್ತಿ ಉಲ್ಟಾ. ಅವರು ಬಸ್ ಡ್ರೈವರ್. ಚರ್ಮದ ಪಟ್ಟಿ, ಗಟ್ಟಿಯಾಗಿ ಕಟ್ಟಿ, ಡಯಲ್ ಮಣಿಕಟ್ಟಿನ ಒಳಭಾಗಕ್ಕೆ. ಸ್ಟೀರಿಂಗ್ ಹಿಡಿದಾಗ ಕೈ ತಿರುಗಿಸದೆ ಟೈಮ್ ಕಾಣುತ್ತದೆ, ಗಾಜಿಗೂ ಏಟು ಬೀಳುವುದಿಲ್ಲ. ಒಳ್ಳೆಯ ಉಪಾಯ. ಆದರೆ ವಾಚು ಬಿಚ್ಚಿದರೆ ಕೈ ಸುತ್ತ ಬಿಳಿಚಿದ ಗೆರೆ, ಅದರ ಮೇಲೆ ಬಕಲಿನ ಅಚ್ಚು, ತುರಿಕೆ. ಬಕಲಿನ ಲೋಹದಲ್ಲಿರುವ ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಬೆವರು ಸೇರಿದರೆ ಕೇಳುವುದೇ ಬೇಡ. ಕೆಲವು ವರ್ಷ ಆದ ಮೇಲೆ ಅವರ ಎಡಗೈ ಹೆಬ್ಬೆರಳಿನ ಹಿಂಭಾಗ ಜೋಮು ಹಿಡಿಯಲು ಶುರುವಾಯಿತು. ಶುಗರ್ ಇರಬಹುದು ಅಂತ ಮನೆಯವರೆಲ್ಲ ಗಾಬರಿಯಾದರು. ಡಾಕ್ಟರು ರಕ್ತ ಪರೀಕ್ಷೆಗೆ ಬರೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ವಾಚು ಇಷ್ಟು ಬಿಗಿಯಾಗಿ ಯಾಕ್ರೀ ಕಟ್ತೀರಾ?"

ಹೆಬ್ಬೆರಳಿನ ಬುಡದ ಕಡೆ ಚರ್ಮದ ಕೆಳಗೇ ಒಂದು ನರ ಹಾದುಹೋಗುತ್ತದೆ. ಅದನ್ನು ಅದುಮಿದರೆ ಹೀಗೆ ಜೋಮು, ಉರಿ. ವಾರ್ಟೆನ್‌ಬರ್ಗ್ ಎಂಬ ನರರೋಗ ತಜ್ಞ ಇದನ್ನು 1932ರಲ್ಲೇ ವಿವರಿಸಿದ್ದಾನೆ. ಈ ತೊಂದರೆ ಬರುವ ಇನ್ನೊಂದು ದಾರಿ ಕೈಕೋಳವಂತೆ! ಚಿಕ್ಕಪ್ಪನಿಗೆ ಇದನ್ನು ಹೇಳಿ ನಾವು ತುಂಬ ದಿನ ರೇಗಿಸಿದೆವು. ಅವರು ಪಟ್ಟಿ ಒಂದು ತೂತು ಸಡಿಲ ಮಾಡಿಕೊಂಡರು. ಕೆಲವು ವಾರದಲ್ಲಿ ಜೋಮು ಹೋಯಿತು.

ಹಾಗಾದರೆ ಎಷ್ಟಿರಬೇಕು? ನನ್ನ ಲೆಕ್ಕ ಹೇಳುತ್ತೇನೆ. ಒಪ್ಪಲೇಬೇಕೆಂದಿಲ್ಲ. ಕಿರುಬೆರಳಿನ ಕಡೆ ಮಣಿಕಟ್ಟಿನಲ್ಲಿ ಒಂದು ಮೂಳೆ ಗಂಟಿನ ಹಾಗೆ ಉಬ್ಬಿರುತ್ತದೆ. ವಾಚು ಅದಕ್ಕಿಂತ ಹಿಂದೆ, ಮೊಣಕೈ ಕಡೆ ಇರಬೇಕು. ಗಂಟು ದಾಟಿ ಅಂಗೈ ಕಡೆ ಇಳಿಯಿತೋ, ಕೈ ಮಡಿಸಿದಾಗಲೆಲ್ಲ ಕೀ ಕೊಡುವ ಗುಂಡಿ ಚರ್ಮಕ್ಕೆ ಚುಚ್ಚುತ್ತದೆ. ಪಟ್ಟಿಯ ಕೆಳಗೆ ಕಿರುಬೆರಳು ತೂರಬೇಕು, ತೋರುಬೆರಳು ತೂರಬಾರದು. ಕೈ ಝಾಡಿಸಿದರೆ ವಾಚು ಸ್ವಲ್ಪ ಅಲುಗಾಡಲಿ, ಮಗುಚಿ ಡಯಲ್ ಕೆಳಗಾಗಬಾರದು. ಬಿಚ್ಚಿದ ಮೇಲೆ ಕೈ ಮೇಲೆ ಅಚ್ಚು ಉಳಿದರೆ ಬಿಗಿ ಅಂತಲೇ ಅರ್ಥ.

ಇದನ್ನೆಲ್ಲ ಬೆಳಗ್ಗೆ ಏಳು ಗಂಟೆಗೆ ಪರೀಕ್ಷೆ ಮಾಡಿ ತೀರ್ಮಾನಿಸಿದರೆ ಮಾತ್ರ ಕೆಟ್ಟಿರಿ. ಕೈ ಬೆಳಗ್ಗೆ ಇದ್ದ ಹಾಗೆ ಸಂಜೆ ಇರುವುದಿಲ್ಲ. ಸೆಕೆಗೆ ರಕ್ತನಾಳ ಹಿಗ್ಗಿ ಮಣಿಕಟ್ಟು ಉಬ್ಬುತ್ತದೆ, ಚಳಿಗೆ ಕುಗ್ಗುತ್ತದೆ. ಮದುವೆ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಎರಡೆರಡು ಸಲ ಹಾಕಿಸಿಕೊಂಡು ಬಂದ ದಿನ ನೋಡಿ, ಸಾಯಂಕಾಲ ವಾಚೂ ಬಿಗಿ, ಉಂಗುರವೂ ಬಿಗಿ. ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಅಳತೆ ಕೊಟ್ಟು ಚೈನು ಮಾಡಿಸಿಕೊಂಡು, ಮೇ ತಿಂಗಳಲ್ಲಿ ರಾಯಚೂರಿಗೆ ಹೋದರೆ ಗೊತ್ತಾಗುತ್ತದೆ.

ಚರ್ಮದ ಪಟ್ಟಿಯ ಗೋಳೇ ಬೇರೆ. ಎರಡು ತೂತುಗಳ ನಡುವೆ ಆರೇಳು ಮಿಲಿಮೀಟರ್ ಅಂತರ ಇರುತ್ತದೆ. ನಾಲ್ಕನೆಯದು ಬಿಗಿ, ಐದನೆಯದು ಸಡಿಲ. ನಮಗೆ ಬೇಕಾದದ್ದು ಯಾವಾಗಲೂ ನಾಲ್ಕೂವರೆ. ಇದು ಯಾವ ಕಂಪನಿಗೂ ಯಾಕೆ ಹೊಳೆಯುವುದಿಲ್ಲವೋ. ನಮ್ಮ ಬೀದಿ ಚಪ್ಪಲಿ ರಿಪೇರಿಯವರಿಗೆ ಹೊಳೆಯಿತು. ಸಣ್ಣ ಉಳಿ ತೆಗೆದುಕೊಂಡು, ಒಂದೇ ಏಟು, ನಡುವೆ ಒಂದು ತೂತು. ದುಡ್ಡೂ ತಗೊಳ್ಳಲಿಲ್ಲ.

ಸ್ಟೀಲ್ ಚೈನಿನವರಿಗೆ ಇನ್ನೊಂದು ಮಾತು. ಕೊಕ್ಕೆಯ ಅಂಚಿನಲ್ಲಿ ಎರಡೋ ಮೂರೋ ಸಣ್ಣ ತೂತು ಇರುತ್ತವೆ. ಒಳಗಿನ ಸ್ಪ್ರಿಂಗ್ ಕಡ್ಡಿಯನ್ನು ಗುಂಡುಸೂಜಿಯಿಂದ ಒತ್ತಿ ಪಕ್ಕದ ತೂತಿಗೆ ಸರಿಸಿದರೆ ಒಂದೆರಡು ಮಿಲಿಮೀಟರ್ ಸಡಿಲ ಸಿಗುತ್ತದೆ. ಎಲ್ಲ ಚೈನಿನಲ್ಲೂ ಇರುವುದಿಲ್ಲ, ಆದರೆ ಇದ್ದವರೂ ನೋಡಿರುವುದಿಲ್ಲ. ನಾನೇ ನೋಡಿರಲಿಲ್ಲ. ಹೊಸ ವಾಚು ತಗೊಂಡಾಗ ಅಂಗಡಿಯ ಹುಡುಗ ಅವಸರದಲ್ಲಿ ಮೂರು ಕೊಂಡಿಯನ್ನೂ ಒಂದೇ ಕಡೆಯಿಂದ ತೆಗೆದುಬಿಟ್ಟ. ಕೊಕ್ಕೆ ಮಣಿಕಟ್ಟಿನ ಕೆಳಗೆ ನಡುಮಧ್ಯ ಕೂರುವ ಬದಲು ಹೆಬ್ಬೆರಳಿನ ಕಡೆ ಓರೆಯಾಗಿ ಕೂತಿತು. ವಾಚು ಸದಾ ಒಂದು ಪಕ್ಕಕ್ಕೆ ವಾಲುತ್ತಿತ್ತು. ಬಿಗಿಯಾಯಿತು ಅಂತ ಸಡಿಲ ಮಾಡಿಸಿದೆ, ಇನ್ನೂ ವಾಲಿತು. ಸಡಿಲವಾಯಿತು ಅಂತ ಬಿಗಿ ಮಾಡಿಸಿದೆ, ಚುಚ್ಚಿತು. ಆರು ತಿಂಗಳು ಹೀಗೇ. ಕೊನೆಗೆ ಬೇರೆ ಅಂಗಡಿಯ ವಯಸ್ಸಾದ ರಿಪೇರಿಯವರು ನೋಡಿ ನಕ್ಕರು. ಒಂದು ಕೊಂಡಿ ಆ ಕಡೆಯಿಂದ ಬಿಚ್ಚಿ ಈ ಕಡೆ ಹಾಕಿದರು, ಅಷ್ಟೇ. ಚೈನಿನ ಉದ್ದ ಒಂದು ಕೂದಲೂ ಬದಲಾಗಲಿಲ್ಲ, ತಕರಾರು ಪೂರ್ತಿ ಹೋಯಿತು.

ಇನ್ನು ಆ ಹಿಗ್ಗುವ ಸ್ಪ್ರಿಂಗ್ ಚೈನು. ಕೈ ತೂರಿಸಿದರೆ ಆಯಿತು, ಕೊಕ್ಕೆ ಬೇಡ. ಕೇಳಲು ಚೆನ್ನ. ಆದರೆ ತೆಗೆಯುವಾಗ ಕೈ ಮೇಲಿನ ನಾಲ್ಕು ಕೂದಲನ್ನೂ ಕಿತ್ತುಕೊಂಡು ಹೋಗುತ್ತದೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ತಾಳ್ಮೆ ನನಗಿಲ್ಲ. ಹಿಗ್ಗುವ ಪಟ್ಟಿಯ ವಿಷಯದಲ್ಲಿ ತಲೆ ಓಡಿಸಿದ್ದು ಜಪಾನಿನ ಸೀಕೋ ವಾಚು ಕಂಪನಿಯವರು. ನೀರಿನ ಆಳಕ್ಕೆ ಹೋದಂತೆ ಮುಳುಗುಗಾರರ ರಬ್ಬರ್ ಉಡುಪು ಒತ್ತಡಕ್ಕೆ ತೆಳ್ಳಗಾಗುತ್ತದೆ, ಅದರ ಮೇಲೆ ಕಟ್ಟಿದ ವಾಚು ಸಡಿಲವಾಗುತ್ತದೆ. ಅದಕ್ಕೆ 1975ರಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯ ಪಟ್ಟಿ ಮಾಡಿದರು. ಮೇಲೆ ಕಟ್ಟುವಾಗ ಮಡಿಕೆ ಹಿಗ್ಗಿರುತ್ತದೆ, ಆಳದಲ್ಲಿ ತಾನೇ ಕುಗ್ಗಿ ಹಿಡಿದುಕೊಳ್ಳುತ್ತದೆ.

"ಬಳೆ ಸಡಿಲ ಇರಲ್ವಾ, ವಾಚಿಗೇನು ರೋಗ?" ಅಂತ ನನ್ನ ಹೆಂಡತಿ ಕೇಳುತ್ತಾಳೆ. ಅವಳ ವಾಚೂ ಬಳೆಯ ಹಾಗೆ ಓಡಾಡುತ್ತಿರುತ್ತದೆ. ನನ್ನ ಉತ್ತರ ಇದು: ಬಳೆಗಾರ ಕೈ ಹಿಚುಕಿ, ಗಿಣ್ಣು ದಾಟಿಸಿ ತೊಡಿಸುತ್ತಾನೆ. ಗಿಣ್ಣು ದಾಟಬೇಕಾದ್ದಕ್ಕೆ ಬಳೆ ಮಣಿಕಟ್ಟಿನಲ್ಲಿ ಸಡಿಲವಾಗುತ್ತದೆ, ಬೇರೆ ದಾರಿಯೇ ಇಲ್ಲ. ವಾಚಿಗೆ ಆ ಕಷ್ಟ ಇಲ್ಲ, ಬಕಲ್ ಇದೆ. ಅವಳ ಉತ್ತರ: "ಚೆನ್ನಾಗಿ ಕಾಣತ್ತೆ." ಇದಕ್ಕೆ ನನ್ನ ಹತ್ತಿರ ಮರುಮಾತಿಲ್ಲ.

ಸಡಿಲದವನಾದ ನಾನು ಅದರ ನಷ್ಟವನ್ನೂ ಒಪ್ಪಿಕೊಳ್ಳಬೇಕು. ಎಚ್‌ಎಂಟಿ ಮೇಲೆ "ಪ್ಯಾರಾಶಾಕ್" ಅಂತ ಬರೆದಿರುತ್ತಿತ್ತಲ್ಲ, ಅದು ಏಟು ಬಿದ್ದಾಗ ಒಳಗಿನ ಬ್ಯಾಲೆನ್ಸ್ ಚಕ್ರದ ಸೂಜಿಮೊನೆಯಂಥ ಅಚ್ಚು ಮುರಿಯದಂತೆ ಕಾಯುವ ಏರ್ಪಾಡು. ಹೊರಗಿನ ಗಾಜನ್ನು ಯಾರು ಕಾಯಬೇಕು? ಅಪ್ಪನ ವಾಚು ಬಾಗಿಲ ಚೌಕಟ್ಟು, ಬಾವಿಕಟ್ಟೆ, ಸ್ಕೂಲಿನ ಮೇಜು, ಎಲ್ಲಕ್ಕೂ ಬಡಿದಿದೆ. ಪ್ಲಾಸ್ಟಿಕ್ ಗಾಜಾದ್ದರಿಂದ ಒಡೆಯಲಿಲ್ಲ, ತುಂಬ ಗೀರಾಯಿತು. ಟೂತ್‌ಪೇಸ್ಟ್ ಹಾಕಿ ಉಜ್ಜಿ ಉಜ್ಜಿ ಹೊಳಪು ಬರಿಸುವುದು ನಮ್ಮ ಭಾನುವಾರದ ಕೆಲಸ.

ಇನ್ನೊಂದು ಗೊತ್ತಾದದ್ದು ಈಚೆಗೆ. ಸಡಿಲ ಚೈನು ಇನ್ನೂ ಸಡಿಲವಾಗುತ್ತಾ ಹೋಗುತ್ತದೆ. ಕೊಂಡಿಗಳ ನಡುವೆ ಧೂಳು, ಬೆವರು ಸೇರಿ, ಅಲುಗಾಡಿದಷ್ಟೂ ಒಳಗಿನ ಪಿನ್ನು ಅರೆದಂತೆ ಸವೆಯುತ್ತದೆ. ಕೊಂಡಿಗೊಂದಿಷ್ಟು ಸಂದಿ, ಎಲ್ಲ ಸೇರಿ ಚೈನೇ ಉದ್ದವಾಗುತ್ತದೆ. ಕೊನೆಯ ವರ್ಷಗಳಲ್ಲಿ ಅಪ್ಪ ಕೈ ಎತ್ತಿದರೆ ವಾಚು ಹೆಚ್ಚು ಕಮ್ಮಿ ಮೊಣಕೈಗೇ ಬರುತ್ತಿತ್ತು. ಚೈನು ಎಷ್ಟು ಹಿಗ್ಗಿತ್ತು, ಅಪ್ಪ ಎಷ್ಟು ಇಳಿದಿದ್ದರು ಅಂತ ಆಗ ಯಾರೂ ಲೆಕ್ಕ ಹಾಕಲಿಲ್ಲ.

ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಅಪ್ಪನ ಜನತಾ ಈಗ ನನ್ನ ಹತ್ತಿರ ಇದೆ, ಇನ್ನೂ ಓಡುತ್ತಿದೆ. ಚೈನು ತೆಗೆದು ಡಬ್ಬಿಯಲ್ಲಿಟ್ಟು, ಚರ್ಮದ ಪಟ್ಟಿ ಹಾಕಿಸಿದ್ದೇನೆ. ನಾಲ್ಕೂವರೆಯನೇ ತೂತು ಇರುವುದು ಅದರಲ್ಲೇ. ಬೆಳಗ್ಗೆ ವಾಕಿಂಗ್‌ಗೆ ಮಾತ್ರ ಮಗಳ ವಾಚು. ಮೂಳೆ ಗಂಟಿನಿಂದ ಎರಡು ಬೆರಳು ಹಿಂದೆ, ಬಿಗಿಯಾಗಿ. ಮನೆಗೆ ಬಂದ ತಕ್ಷಣ ಬಿಚ್ಚಿ ಒರೆಸಿ ಇಡುತ್ತೇನೆ.

ನಿನ್ನೆ ಅದೇ ರಸ್ತೆ, ಅದೇ ವೇಗ, 96 ತೋರಿಸಿತು. ಗೆಳೆಯನಿಗೆ ಇನ್ನೂ ನಂಬಿಕೆ ಬಂದಿಲ್ಲ, "ಕತ್ತಿಗೆ ಬೆರಳಿಟ್ಟು ಎಣಿಸು" ಅಂದ. ಅವನದು ಸ್ಪ್ರಿಂಗ್ ಚೈನು.

ನಿಮ್ಮದು ಎಷ್ಟನೇ ತೂತು?