ಬೇಗ ಹುಟ್ಟಿದ ಕೂಸಿನ ಮಿದುಳಿಗೆ ಪೆಟ್ಟು: ಎಲ್ಲಕ್ಕೂ ಜೀನ್ ಕಾರಣವಲ್ಲ

“ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಮಿದುಳಿಗೆ ಪೆಟ್ಟಾದರೆ ಅದು ಅಪ್ಪ ಅಮ್ಮನ ಜೀನ್‌ನಿಂದಲೇ, ಇಂಜೆಕ್ಷನ್ ಕೊಡಿಸಿ ಪ್ರಯೋಜನವಿಲ್ಲ” ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಹೆರಿಗೆಗೆ ಮುಂಚೆ ತಾಯಿಗೆ ಕೊಡುವ ಇಂಜೆಕ್ಷನ್ ಬೇಡ ಅನ್ನುವುದಂತೂ ಅಪಾಯಕಾರಿ.

ಮಿದುಳಿನ ಒಳಗೆ, ನೀರು ತುಂಬಿದ ಕೋಣೆಗಳ ಅಂಚಿನಲ್ಲಿ, ಹೊಸ ಜೀವಕೋಶಗಳು ಹುಟ್ಟುವ ಜಾಗವೊಂದಿದೆ. ಅಲ್ಲಿನ ರಕ್ತನಾಳಗಳು ತುಂಬಾ ತೆಳು. ಗರ್ಭದ ಸುಮಾರು 32–34ನೇ ವಾರದ ಹೊತ್ತಿಗೆ ಆ ಜಾಗ ಬಹುಮಟ್ಟಿಗೆ ಕರಗಿಹೋಗುತ್ತದೆ. ಅದಕ್ಕೂ ಮೊದಲೇ ಮಗು ಹುಟ್ಟಿದರೆ, ರಕ್ತದ ಒತ್ತಡ ಏರುಪೇರಾದಾಗ ನಾಳ ಒಡೆದು ಮಿದುಳಿಗೆ ಪೆಟ್ಟಾಗಬಹುದು. ಹೆಚ್ಚಿನ ರಕ್ತಸ್ರಾವ ಆಗುವುದು ಮೊದಲ 72 ಗಂಟೆಗಳಲ್ಲಿ. ಅದಕ್ಕೇ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನೆತ್ತಿಯ ಮೆತ್ತನೆ ಜಾಗದ ಮೇಲೆ ಪ್ರೋಬ್ ಇಟ್ಟು ಸ್ಕ್ಯಾನ್ ಮಾಡುತ್ತಾರೆ.

ಜೀನ್‌ಗಳ ಪಾತ್ರ ಇಲ್ಲವೇ ಇಲ್ಲ ಅಂತಲ್ಲ. ಸಿಒಎಲ್4ಎ1 ಜೀನ್‌ನಲ್ಲಿ ದೋಷವಿದ್ದರೆ ರಕ್ತನಾಳದ ಗೋಡೆ ದುರ್ಬಲವಾಗುತ್ತದೆ. ಅದು ಅಪರೂಪ. 2017ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಡಿಎಲ್‌ಜಿ4 ಜೀನ್‌ಗೂ ಇಂಥ ಮಕ್ಕಳ ಮಿದುಳಿನ ಬಿಳಿ ಭಾಗದ ಬೆಳವಣಿಗೆಗೂ ನಂಟು ಕಂಡರು. ಆದರೆ ಒಂದು ಜೀನ್ ನೋಡಿ ಈ ಮಗುವಿಗೆ ಪೆಟ್ಟಾಗುತ್ತದೆ ಅಂತ ಹೇಳಲು ಆಗುವುದಿಲ್ಲ.

ಇನ್ನು ಇಂಜೆಕ್ಷನ್. ಬೇಗ ಹೆರಿಗೆಯಾಗುವ ಸೂಚನೆ ಕಂಡಾಗ ತಾಯಿಗೆ ಕೊಡುವ ಸ್ಟೀರಾಯ್ಡ್ ಮಗುವಿನ ಶ್ವಾಸಕೋಶಕ್ಕಷ್ಟೇ ಅಲ್ಲ, ಮಿದುಳಿನ ರಕ್ತಸ್ರಾವ ತಡೆಯಲೂ ನೆರವಾಗುತ್ತದೆ. ತಾಯಿಗೆ ಮೆಗ್ನೀಸಿಯಮ್ ಸಲ್ಫೇಟ್ ಕೊಟ್ಟರೆ ಮಗುವಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಪೆಟ್ಟಿನಿಂದ ಕೈಕಾಲಿನ ಚಲನೆಗೆ ಬರುವ ತೊಂದರೆಯ ಸಾಧ್ಯತೆ ತಗ್ಗುತ್ತದೆ. ಡಾಕ್ಟರ್ ಕೊಡೋಣ ಅಂದಾಗ ದಯವಿಟ್ಟು ತಡ ಮಾಡಬೇಡಿ. “ನಿಮ್ಮ ವಂಶವೇ ಹೀಗೆ” ಅಂತ ಬಾಣಂತಿಯ ಮುಂದೆ ಸುಮ್ನೆ ಆಡಲೂಬೇಡಿ.