"ಖುಷಿ ಹೊತ್ತು ನಡೆಯೋ ಪ್ರೋಟೀನ್" ವಿಡಿಯೋ ಬಗ್ಗೆ ಒಂದು ಸ್ಪಷ್ಟನೆ

ಹಗ್ಗದ ಮೇಲೆ ಎರಡು ಕಾಲಿನ ಏನೋ ಒಂದು ದೊಡ್ಡ ಚೆಂಡು ಎಳ್ಕೊಂಡು ಹೋಗೋ ವಿಡಿಯೋ ಮತ್ತೆ ಸುತ್ತಾ ಇದೆ, "ಮೈಯೋಸಿನ್ ಮೆದುಳಿಗೆ ಎಂಡಾರ್ಫಿನ್ ಹೊತ್ತೊಯ್ತಿದೆ, ಖುಷಿ ಅಂದ್ರೆ ಇದೇ, ಮೈಕ್ರೋಸ್ಕೋಪಲ್ಲಿ ತೆಗೆದಿದ್ದು" ಅಂತ. ಮೂರೂ ತಪ್ಪು.

ಅದು 2006ರಲ್ಲಿ ಹಾರ್ವರ್ಡ್‌ನ ಬಯಾಲಜಿ ವಿದ್ಯಾರ್ಥಿಗಳಿಗೆ ಅಂತ ಮಾಡಿದ ಅನಿಮೇಷನ್ (ತುಂಬಾ ಚೆನ್ನಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ). ನಡೀತಿರೋದು ಕೈನೆಸಿನ್ (ಜೀವಕೋಶದೊಳಗೆ ಹೆಜ್ಜೆ ಹಾಕೋ ಮೋಟಾರ್ ಪ್ರೋಟೀನ್), ಹಗ್ಗದ ಥರ ಕಾಣೋದು ಮೈಕ್ರೋಟ್ಯೂಬ್ಯೂಲ್ (ಕೋಶದೊಳಗಿನ ಕೊಳವೆಯಂಥ ಪ್ರೋಟೀನ್ ಎಳೆ). ಮೈಯೋಸಿನ್ ಬೇರೆ ಮೋಟಾರ್, ಅದು ಓಡಾಡೋದು ಆಕ್ಟಿನ್ ಅನ್ನೋ ಇನ್ನೊಂದು ಥರದ ಎಳೆ ಮೇಲೆ. ಚೆಂಡು ಬರೀ ಪೊರೆಯ ಚೀಲ, ಎಂಡಾರ್ಫಿನ್ ಅಂತ ಆಮೇಲೆ ಯಾರೋ ಸೇರ್ಸಿದ್ದು. ಹೆಜ್ಜೆ ಹಾಕೋದು ಮಾತ್ರ ನಿಜ, ಒಂದೊಂದಕ್ಕೂ ಒಂದು ಎಟಿಪಿ (ಕೋಶದ ಇಂಧನದ ಅಣು) ಖರ್ಚಾಗಿ 8 ನ್ಯಾನೋಮೀಟರ್ ಮುಂದೆ ಹೋಗತ್ತೆ.

ಕೆಲವು ಫಾರ್ವರ್ಡಲ್ಲಿ "ಇವುಗಳ ಕೆಲಸ ಸಾಮಾನು ಹೊರೋದು ಅಷ್ಟೇ" ಅಂತಾನೂ ಇದೆ, ಅದೂ ಸರಿಯಲ್ಲ. ಜೀವಕೋಶದ ಅಸ್ಥಿಪಂಜರವನ್ನ (ಇಂಥ ಎಳೆಗಳ ಜಾಲ) ಜೋಡಿಸೋದ್ರಲ್ಲೂ ಈ ಮೋಟಾರ್ ಪ್ರೋಟೀನ್‌ಗಳ ಪಾತ್ರ ಇದೆ. ಕೈನೆಸಿನ್-5 ಅನ್ನೋ ಬಗೆಗೆ ಎರಡೂ ತುದೀಲಿ ಎರಡೆರಡು ತಲೆ (ಎಳೆ ಹಿಡ್ಕೊಂಡು ನಡೆಯೋ ಭಾಗ), ಕೋಶ ವಿಭಜನೆ ಟೈಮಲ್ಲಿ ಎದುರುಬದುರು ದಿಕ್ಕಿನ ಎರಡು ಮೈಕ್ರೋಟ್ಯೂಬ್ಯೂಲ್ ಒಟ್ಟಿಗೆ ಹಿಡ್ಕೊಂಡು ಎರಡರ ಮೇಲೂ ನಡಿಯತ್ತೆ, ಹಾಗಾಗಿ ಅವು ಜಾರಿ ದೂರ ಸರೀತವೆ, ಸ್ಪಿಂಡಲ್‌ನ (ವರ್ಣತಂತುಗಳನ್ನ ಬೇರ್ಪಡಿಸೋ ಎಳೆಗಳ ರಚನೆ) ಎರಡು ಧ್ರುವ ಬೇರೆ ಆಗೋದು ಹೀಗೆ. ಮೊನಾಸ್ಟ್ರೋಲ್ ಅನ್ನೋ ರಾಸಾಯನಿಕ ಹಾಕಿ ಇದನ್ನ ತಡೆದ್ರೆ ಧ್ರುವಗಳು ಬೇರೆ ಆಗದೆ ಒಂದೇ ನಕ್ಷತ್ರದಾಕಾರ ಉಳಿಯತ್ತೆ, ಅದನ್ನ ಮೈಕ್ರೋಸ್ಕೋಪಲ್ಲಿ ನಿಜವಾಗ್ಲೂ ನೋಡ್ಬಹುದು. ಡೈನೀನ್ ಅನ್ನೋ ಇನ್ನೊಂದು ಮೋಟಾರ್, ಮೈಕ್ರೋಟ್ಯೂಬ್ಯೂಲ್‌ಗಳ ಒಂದು ಕಡೆ ತುದಿಗಳನ್ನ (ಮೈನಸ್ ತುದಿ ಅಂತಾರೆ) ಧ್ರುವದ ಹತ್ರ ಗುಂಪು ಸೇರ್ಸತ್ತೆ.

ದಯವಿಟ್ಟು ಆ ಕ್ಯಾಪ್ಷನ್ ಜೊತೆ ಫಾರ್ವರ್ಡ್ ಮಾಡ್ಬೇಡಿ, ಬಂದ್ರೆ ಈ ಮೆಸೇಜ್ ಕಳಿಸಿ.