ಸ್ಪಷ್ಟನೆ: ಮಧ್ಯಸ್ಥಿಕೆ ತರಬೇತಿ ಪಡೆದವರು ತೀರ್ಪುಗಾರರಲ್ಲ

‘40 ಗಂಟೆ ತರಬೇತಿ ಮುಗಿಸಿ ಸಮುದಾಯ ಮಧ್ಯಸ್ಥಗಾರರಾಗಿ, ನಿಮ್ಮ ತೀರ್ಮಾನ ಕೋರ್ಟ್ ಆದೇಶಕ್ಕೆ ಸಮ’ ಎಂಬ ಸಂದೇಶ ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಗಂಟೆಯ ಲೆಕ್ಕವೇನೋ ನಿಜ: ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರಗಳಿಗಾಗಿ ನೀಡುವ ಮೂಲ ತರಬೇತಿ ಅಷ್ಟೇ ಅವಧಿಯದು. ಉಳಿದದ್ದು ತಪ್ಪು.

ಮಧ್ಯಸ್ಥಗಾರ ತೀರ್ಮಾನ ಕೊಡುವುದೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗಾಗಿ ಮೇಲ್ಭಾಗದ ರೈತರಿಗೂ ಕೊನೆ ಭಾಗದವರಿಗೂ ಜಗಳ ಎನ್ನಿ. ತೂಬನ್ನು ಯಾರು ಯಾವ ಹೊತ್ತಿಗೆ ತೆರೆಯಬೇಕೆಂದು ಊರ ಹಿರಿಯರು ಕಟ್ಟೆಯ ಮೇಲೆ ಕುಳಿತು ಹೇಳಿಬಿಡಬಹುದು. ತರಬೇತಿ ಕಲಿಸುವುದು ಹಾಗೆ ಹೇಳದಿರುವುದನ್ನು. ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳಬೇಕು, ಬೇಕಾದರೆ ಬೇರೆಬೇರೆಯಾಗಿ ಮಾತನಾಡಿಸಬೇಕು, ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸಬಾರದು. (ಚಹಾದಂಗಡಿಯ ಮುಂದೆ ಈ ಕೊನೆಯದು ಬಲು ಕಷ್ಟ.)

2023ರ ಮಧ್ಯಸ್ಥಿಕೆ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಸಮುದಾಯ ಮಧ್ಯಸ್ಥಿಕೆಗೆ ಎರಡೂ ಕಡೆಯವರು ಮೊದಲೇ ಒಪ್ಪಿರಬೇಕು, ಮೂವರು ಮಧ್ಯಸ್ಥಗಾರರ ಮಂಡಳಿ ಇರಬೇಕು. ಆಗುವ ಒಪ್ಪಂದ ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ, ಅಂದರೆ ಕೋರ್ಟ್ ಆದೇಶದಂತೆ, ಜಾರಿಯಾಗುವುದಿಲ್ಲ ಎಂದು ಕಾಯ್ದೆಯೇ ಹೇಳಿದೆ. ಅಂದಹಾಗೆ, 2023ರ ಅಕ್ಟೋಬರ್ 9ರಂದು ಜಾರಿಗೆ ತಂದ ಸೆಕ್ಷನ್‌ಗಳಲ್ಲಿ ಸಮುದಾಯ ಮಧ್ಯಸ್ಥಿಕೆಯ 43, 44 ಇರಲೇ ಇಲ್ಲ.